ಹಿತ್ತಲ ಕೋಳಿ ಮತ್ತು ಬೇಲಿಯ ಬುಡ

ನವೆಂಬರ್ 9, 2025, ಭಾನುವಾರ

ರಾತ್ರಿ ನಾಯಿ ಬಂದಿತ್ತು. ಗೂಡಿನ ಹಿಂಬದಿಯಲ್ಲಿ ಹಸಿ ಮಣ್ಣು ಎರಚಾಡಿದೆ, ಬೇಲಿಗೆ ಒತ್ತಿಕೊಂಡ ಹಾಗೆ ಒಂದು ಗುಂಡಿ ಬಿದ್ದಿದೆ. ಹೆಜ್ಜೆಯ ಮುಂದೆ ಉಗುರಿನ ಗುರುತು ಚೆನ್ನಾಗಿ ಮೂಡಿದೆ. ಬೆಕ್ಕಾಗಿದ್ದರೆ ಉಗುರು ಕಾಣುತ್ತಿರಲಿಲ್ಲ, ಅದು ನಡೆಯುವಾಗ ಒಳಗೆ ಎಳೆದುಕೊಂಡಿರುತ್ತದೆ. ಕೋಳಿಗಳಿಗೆ ಏನೂ ಆಗಿಲ್ಲ. ಗುಂಡಿ ನಾಲ್ಕು ಬೆರಳು ಆಳ ಹೋಗಿ ತಂತಿ ಬಲೆಗೆ ತಾಗಿ ನಿಂತಿದೆ.

ಕೋಳಿ ಸಾಕುವವರು ಬೇಲಿ ಎಂದ ಕೂಡಲೇ ಎತ್ತರದ ಲೆಕ್ಕ ಹಾಕುತ್ತಾರೆ. ಐದಡಿ ಸಾಕಾ, ಆರಡಿ ಬೇಕಾ ಅಂತ. ಎತ್ತರ ಬೇಡ ಅಂತಲ್ಲ, ಚುರುಕಾದ ನಾಯಿ ನಾಲ್ಕಡಿ ಬೇಲಿಯನ್ನು ಆರಾಮಾಗಿ ದಾಟುತ್ತದೆ. ಆದರೆ ಕತ್ತಲಲ್ಲಿ, ಓಡಿಸುವವರು ಯಾರೂ ಇಲ್ಲದಾಗ, ಅದು ಕೆಲಸ ಶುರು ಮಾಡುವುದು ಹೆಚ್ಚಾಗಿ ಬುಡದಲ್ಲೇ. ಬೇಲಿ ನೆಲಕ್ಕೆ ಸೇರುವ ಜಾಗಕ್ಕೆ ಮೂಗಿಡುತ್ತದೆ, ವಾಸನೆ ಎಲ್ಲಿ ಜಾಸ್ತಿಯೋ ಅಲ್ಲೇ ಕೆರೆಯುತ್ತದೆ. ಎರಡಡಿ ಹಿಂದೆ ಸರಿದು ಅಲ್ಲಿಂದ ತೋಡಿದರೆ ಒಳಗೆ ಹೋಗಬಹುದು ಅನ್ನುವುದು ಅದಕ್ಕೆ ಹೊಳೆಯುವುದಿಲ್ಲ.

ನಾವು ಬಳಸಿಕೊಳ್ಳಬೇಕಾದದ್ದು ಇದನ್ನೇ. ಬೇಲಿಯ ಬುಡದಿಂದ ಹೊರಕ್ಕೆ, ನೆಲದ ಮೇಲೆ ಮಲಗಿಸಿ, ಒಂದೂವರೆಯಿಂದ ಎರಡಡಿ ಅಗಲಕ್ಕೆ ಬಲೆ ಹಾಸಬೇಕು. ಒಳ ಅಂಚನ್ನು ಬೇಲಿಗೆ ತಂತಿಯಿಂದ ಬಿಗಿಯಬೇಕು, ಹೊರ ಅಂಚಿಗೆ ಗೂಟ ಹೊಡೆಯಬೇಕು, ಮೇಲೆ ತೆಳುವಾಗಿ ಮಣ್ಣು ಹರಡಬೇಕು. ಹುಲ್ಲು ಬೆಳೆದ ಮೇಲೆ ಬೇರುಗಳೇ ಅದನ್ನು ಹಿಡಿದುಕೊಳ್ಳುತ್ತವೆ. ಬಲೆಯನ್ನು ನೇರವಾಗಿ ಕೆಳಕ್ಕೆ ಹೂಳುವವರೂ ಇದ್ದಾರೆ. ಅದೂ ನಡೆಯುತ್ತದೆ, ಆದರೆ ಒಂದಡಿ ಆಳವಾದರೂ ಬೇಕು, ಸುತ್ತಲೂ ಅಷ್ಟು ಅಗೆಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ನನ್ನ ಮತ ಹಾಸುವುದಕ್ಕೆ. ಕಲ್ಲು ನೆಲವಾದರೆ ಯೋಚನೆಯೇ ಬೇಡ.

ಬಲೆಯ ಆಯ್ಕೆಯಲ್ಲಿ ಜಿಪುಣತನ ಬೇಡ. ಆರು ಮೂಲೆ ಕಣ್ಣಿನ ತೆಳು ಬಲೆ ಇದೆಯಲ್ಲ, ಚಿಕನ್ ಮೆಶ್, ಅದರಲ್ಲಿ ತಂತಿಗಳನ್ನು ಬರೀ ಹೆಣೆದಿರುತ್ತಾರೆ. ದೊಡ್ಡ ನಾಯಿ ಹಲ್ಲಿನಲ್ಲಿ ಹಿಡಿದು ಜಗ್ಗಿದರೆ ಹರಿದುಹೋಗುತ್ತದೆ. ಹಗಲು ಕೋಳಿ ಆಚೆ ಈಚೆ ಹೋಗದಂತೆ ತಡೆಯಲು ಅಡ್ಡಿಯಿಲ್ಲ, ಅಷ್ಟೇ. ರಾತ್ರಿ ಮಲಗುವ ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್ ಬೇಕು, ಅಂದರೆ ಸುಮಾರು 12 ಮಿಲಿಮೀಟರ್. ಒಂದು ಇಂಚು ಕಣ್ಣಾದರೆ ಇಲಿಯೂ ಸಣ್ಣ ಹಾವೂ ತೂರುತ್ತವೆ. ಇಡೀ ಹಿತ್ತಲಿಗೆ ಇದನ್ನು ಹಾಕುವುದು ಎಲ್ಲರ ಕೈಯಲ್ಲೂ ಆಗದು. ಗೂಡಿಗೆ ಪೂರ್ತಿ ಹಾಕಿ, ಹಗಲು ಓಡಾಡುವ ಜಾಗದ ಬೇಲಿಗೆ ಕೆಳಗಿನ ಎರಡು ಮೂರು ಅಡಿ ಹಾಕಿದರೆ ಸಾಕು. ಮತ್ತೆ, ಮರದ ಚೌಕಟ್ಟಿಗೆ ಬಲೆಯನ್ನು ಸ್ಟೇಪಲ್ ಪಿನ್ನಿನಲ್ಲಿ ಹೊಡೆದು ಕೈತೊಳೆದುಕೊಳ್ಳಬೇಡಿ. ನಾಯಿ ಜೋರಾಗಿ ತಳ್ಳಿದರೆ ಪಿನ್ನು ಕಿತ್ತು ಬರುತ್ತದೆ. ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯುವುದು ಒಳ್ಳೆಯದು.

ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಆಗ ನಾಯಿ ಹೊರಗಿನಿಂದ ತಳ್ಳಿದಷ್ಟೂ ಅದು ಚೌಕಟ್ಟಿಗೆ ಬಿಗಿಯಾಗಿ ಕೂರುತ್ತದೆ. ಬರೀ ಕೊಕ್ಕೆ ಸಾಲದು, ಮೂಗಿನಿಂದ ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಎರಡು ಬೇರೆ ಬೇರೆ ದಿಕ್ಕಿಗೆ ಅಲುಗಿಸಿದರೆ ಮಾತ್ರ ತೆರೆಯುವ ಚಿಲಕ ಹಾಕಿ. ಅದರ ಕಣ್ಣಿಗೆ ಸ್ಪ್ರಿಂಗ್ ಕ್ಲಿಪ್ ಸಿಕ್ಕಿಸಿದರೆ ಇನ್ನೂ ಭದ್ರ.

ಇಷ್ಟೆಲ್ಲ ಮಾಡಿಯೂ ಕೋಳಿ ಹೋಯಿತು ಅನ್ನಿ. ಆಗ ಮೊದಲು ನೋಡಬೇಕಾದದ್ದು ಬಂದವರು ಯಾರು ಅಂತ. ಅದು ಗೊತ್ತಿಲ್ಲದೆ ಬೇಲಿಗೆ ಕೈ ಹಾಕಿದರೆ ಸುಮ್ನೆ ಖರ್ಚು. ಮುಂಗುಸಿ ಬಂದಿದ್ದರೆ ಬೇಲಿ ಎತ್ತರಿಸಿ ಏನು ಪ್ರಯೋಜನ, ಅಲ್ವಾ? ಹಾಗಾಗಿ ಜಾಗವನ್ನು ಗುಡಿಸುವ ಮೊದಲು ಸುತ್ತ ಒಮ್ಮೆ ನಿಧಾನವಾಗಿ ನಡೆದು ನೋಡಿ, ಫೋಟೋ ತೆಗೆದಿಡಿ.

ಹಿತ್ತಲಿಗೆ ನುಗ್ಗುವ ನಾಯಿ ಕೋಳಿಯನ್ನು ಕೊಲ್ಲುವುದು ಎಷ್ಟೋ ಸಲ ಹಸಿವಿಗಲ್ಲ. ಓಡುವುದನ್ನು ಕಂಡರೆ ಅಟ್ಟಬೇಕು ಅನ್ನುವುದು ಅದರ ರಕ್ತದಲ್ಲೇ ಇದೆ. ಹಿಡಿಯುತ್ತದೆ, ಕೊಡವುತ್ತದೆ, ಅದು ಅಲುಗಾಡುವುದು ನಿಂತರೆ ಬಿಟ್ಟು ಇನ್ನೊಂದರ ಹಿಂದೆ ಓಡುತ್ತದೆ. ಆದ್ದರಿಂದ ಹಲವು ಕೋಳಿಗಳು ಸತ್ತು ಬಿದ್ದಿದ್ದರೆ, ಯಾವುದನ್ನೂ ತಿಂದಿರದಿದ್ದರೆ, ಗರಿ ಅಂಗಳದ ತುಂಬ ಹರಡಿದ್ದರೆ ನಾಯಿಯ ಮೇಲೆಯೇ ಅನುಮಾನ. ನರಿಯದು ಬೇರೆ ಲೆಕ್ಕ. ಅದು ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಕೋಳಿ ಕಮ್ಮಿ, ನಾಲ್ಕು ಗರಿ, ಬೇರೆ ಗುರುತಿಲ್ಲ. ಕುತ್ತಿಗೆ ಅಥವಾ ತಲೆಯ ಹತ್ತಿರ ಮಾತ್ರ ಕಚ್ಚಿದ ಗಾಯವಿದ್ದರೆ ಮುಂಗುಸಿಯಂಥ ಸಣ್ಣ ಪ್ರಾಣಿ. ಹಗಲಲ್ಲಿ, ಬಯಲಲ್ಲಿ, ಒಂದೇ ಕಡೆ ಕಿತ್ತ ಗರಿಯ ರಾಶಿ ಕಂಡರೆ ಗಿಡುಗ.

ಮೊಟ್ಟೆಯ ಕಳ್ಳರನ್ನು ಚಿಪ್ಪು ನೋಡಿ ಹಿಡಿಯಬಹುದು. ಹಾವು ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ, ಒಂದು ಚೂರೂ ಉಳಿಸುವುದಿಲ್ಲ. ಚಿಪ್ಪು ಒಡೆದು ಬಿದ್ದಿದ್ದರೆ ಹೆಗ್ಗಣವೋ ಕಾಗೆಯೋ ಇರಬಹುದು. ಹೇಂಟೆಗಳೇ ತಮ್ಮ ಮೊಟ್ಟೆ ಒಡೆದು ತಿನ್ನುವುದೂ ಉಂಟು! ಹೊರಗಿನವರನ್ನು ಬೈಯುವ ಮೊದಲು ಅವುಗಳ ಕೊಕ್ಕಿಗೆ ಹಳದಿ ಅಂಟಿದೆಯಾ ನೋಡಿ.

ಇನ್ನೊಂದು ವಿಚಿತ್ರ ಗುರುತು: ಗೂಡಿನ ಒಳಗೇ ಸತ್ತ ಕೋಳಿ, ತಲೆ ಮಾತ್ರ ಇಲ್ಲ, ಬಾಗಿಲು ಹಾಕಿದಂತೆಯೇ ಇದೆ. ಕಣ್ಣು ದೊಡ್ಡದಾದ ಬಲೆಗೆ ಒರಗಿ ಮಲಗಿದ ಕೋಳಿಯನ್ನು ಯಾವುದೋ ಪ್ರಾಣಿ ಹೊರಗಿನಿಂದಲೇ ಕಾಲು ಹಾಕಿ ಎಳೆದಿರುತ್ತದೆ. ಕೋಳಿ ಕೂತು ಮಲಗುವ ಅಡ್ಡಗೋಲನ್ನು ಗೋಡೆಯಿಂದ ಒಂದಡಿಯಾದರೂ ದೂರಕ್ಕೆ ಸರಿಸಿ. ಕತ್ತಲಾದ ಮೇಲೆ ಕೋಳಿಗೆ ಸರಿಯಾಗಿ ಕಣ್ಣು ಕಾಣಿಸುವುದಿಲ್ಲ. ಪಕ್ಕದಲ್ಲಿದ್ದದ್ದನ್ನು ಯಾರೋ ಎಳೆದುಕೊಂಡು ಹೋದರೂ ಉಳಿದವು ಕೂತಲ್ಲೇ ಕೂತಿರುತ್ತವೆ.

ಹಗಲಲ್ಲಿ ಮಾತ್ರ ಅವು ಪೆದ್ದಲ್ಲ. ಮೇಲಿನಿಂದ ಬರುವ ಅಪಾಯಕ್ಕೆ ಒಂದು ಕೂಗು, ನೆಲದ ಮೇಲಿನ ಅಪಾಯಕ್ಕೆ ಇನ್ನೊಂದು ಕೂಗು ಇದೆ. ಗಿಡುಗ ಕಂಡರೆ ಹುಂಜ ಎಳೆದಂತೆ ಸಣ್ಣಗೆ ಚೀರುತ್ತದೆ. ಕೂಡಲೇ ಎಲ್ಲವೂ ಪೊದೆಯಡಿ ಸೇರಿ ಅಲ್ಲಾಡದೆ ಕೂರುತ್ತವೆ. ನಾಯಿಯೋ ನರಿಯೋ ಕಂಡರೆ ಕೊಕ್‌ಕೊಕ್‌ ಅಂತ ಬಿಡದೆ ಗಲಾಟೆ ಮಾಡುತ್ತದೆ. ಆಗ ಕೋಳಿಗಳು ಕತ್ತೆತ್ತಿ ನಿಂತು ಅತ್ತಿತ್ತ ನೋಡುತ್ತವೆ. ಇದರ ಬಗ್ಗೆ ವಿಜ್ಞಾನಿಗಳು ಪ್ರಯೋಗ ಮಾಡಿದ್ದಾರೆ, ಧ್ವನಿಮುದ್ರಿಕೆ ಮಾತ್ರ ಕೇಳಿಸಿದರೂ ಹೇಂಟೆಗಳು ಎರಡು ಕೂಗಿಗೂ ಬೇರೆ ಬೇರೆ ರೀತಿ ನಡೆದುಕೊಂಡಿವೆ. ಇದರಿಂದ ನಮಗೇನು? ಪೊದೆ ಇಲ್ಲದ ಬೋಳು ಹಿತ್ತಲಿನಲ್ಲಿ ಆ ಮೊದಲನೇ ಕೂಗು ವ್ಯರ್ಥ. ನಾಲ್ಕು ಗಿಡವೋ, ಕಾಲು ಕೊಟ್ಟ ಹಲಗೆಯೋ, ಅಡಗಲು ಏನಾದರೂ ಇರಲಿ. ಮರಿಗಳಿದ್ದರೆ ಮೇಲೆ ಬಲೆಯೇ ಬೇಕು.

ಮಿನುಗುವ ಕೆಂಪು ದೀಪ, ಬೆದರುಬೊಂಬೆ, ರೇಡಿಯೊ ಎಲ್ಲವನ್ನೂ ಜನ ಹೇಳುತ್ತಾರೆ. ಸ್ವಲ್ಪ ದಿನ ಕೆಲಸ ಮಾಡುತ್ತವೆ. ಇದರಿಂದ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ನಾಯಿ ತಿರುಗಿಯೂ ನೋಡುವುದಿಲ್ಲ. ಕೋಳಿಗೆಂದೇ ಸಿಗುವ ವಿದ್ಯುತ್ ಬಲೆಯ ಬೇಲಿ ಹಾಗಲ್ಲ. ಅದರಲ್ಲಿ ಕರೆಂಟ್ ಒಂದೇ ಸಮ ಹರಿಯುವುದಿಲ್ಲ, ಸೆಕೆಂಡಿಗೊಮ್ಮೆ ಎಂಬಂತೆ ಕ್ಷಣ ಮಾತ್ರ ಬಂದು ಹೋಗುತ್ತದೆ. ಒದ್ದೆ ಮೂಗು ತಾಗಿದ ನಾಯಿ ಅದನ್ನು ಮರೆಯುವುದಿಲ್ಲ. ಆದರೆ ಅದಕ್ಕೆಂದೇ ಮಾಡಿದ ಯಂತ್ರವನ್ನೇ ತನ್ನಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಟ್ಟರೆ ಮನುಷ್ಯರೇ ಸಾಯುತ್ತಾರೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿ ನೆಲಕ್ಕೆ ಸೋರಿಹೋಗುತ್ತದೆ, ಆಗಾಗ ಕತ್ತರಿಸುತ್ತಿರಬೇಕು.

ವಿಷ ಇಡುವ ಮಾತು ಮಾತ್ರ ಯಾರೂ ಆಡಬೇಡಿ. ವಿಷಕ್ಕೆ ಕಳ್ಳ ಯಾರು, ಸಾಧು ಯಾರು ಗೊತ್ತಾಗುವುದಿಲ್ಲ. ಸತ್ತದ್ದನ್ನು ತಿಂದ ಹದ್ದೂ ಸಾಯುತ್ತದೆ, ಪಕ್ಕದ ಮನೆಯ ಬೆಕ್ಕೂ ಸಾಯುತ್ತದೆ. ನಾಯಿಗೆ ಒಡೆಯರಿದ್ದರೆ ಫೋಟೋ ತೋರಿಸಿ ಜಗಳವಿಲ್ಲದೆ ಮಾತಾಡಿ. ಒಡೆಯರಿಲ್ಲದಿದ್ದರೆ ಅದನ್ನು ಎಳೆಯುತ್ತಿರುವುದೇನು ಅಂತ ನೋಡಿ. ಎಷ್ಟೋ ಸಲ ಅದು ಬಯಲಲ್ಲಿ ಎಸೆದ ಸತ್ತ ಕೋಳಿ ಅಥವಾ ರಾತ್ರಿ ತೆಗೆದಿಡದ ಮೇವು. ಮೇವಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಸತ್ತದ್ದನ್ನು ಆಳವಾಗಿ ಹೂಳಿ, ಮೇವನ್ನು ಸಂಜೆಯೇ ಮುಚ್ಚಳದ ಡಬ್ಬಿಗೆ ಹಾಕಿ.

ಇನ್ನು ನಾಯಿಯ ಬಾಯಿಂದ ಉಳಿದು ಬಂದ ಕೋಳಿ. ಮೇಲೆ ನೋಡಿದರೆ ಚೆನ್ನಾಗಿಯೇ ಇದೆ ಅನಿಸುತ್ತದೆ. ಗರಿ ಸರಿಸಿ ಬೆನ್ನು, ರೆಕ್ಕೆಯಡಿ, ಬಾಲದ ಬುಡ ನೋಡಿ. ಹಲ್ಲಿನ ತೂತು ಚಿಕ್ಕದಾಗಿ ಕಂಡರೂ ಆಳವಾಗಿರುತ್ತದೆ, ಒಳಗೆ ಕೀವಾಗುತ್ತದೆ. ಉಪ್ಪುನೀರಿನಲ್ಲಿ ತೊಳೆದು, ಬೇರೆ ಪೆಟ್ಟಿಗೆಯಲ್ಲಿ, ಮಬ್ಬು ಬೆಳಕಿನಲ್ಲಿ, ಬೆಚ್ಚಗೆ ಇಡಿ. ಗುಂಪಿಗೆ ಬಿಡಲೇಬೇಡಿ, ರಕ್ತ ಕಂಡರೆ ಉಳಿದ ಕೋಳಿಗಳೇ ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಗಾಯ ಆಳವಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ಗಾಯವಾಗದ ಕೋಳಿಗಳೂ ಬೆದರಿ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಮೊಟ್ಟೆ ಇಡುವುದನ್ನು ನಿಲ್ಲಿಸಬಹುದು. ಅದಕ್ಕೆ ಗಾಬರಿ ಬೇಡ. ಆಂಟಿಬಯಾಟಿಕ್ ಕೊಟ್ಟಿದ್ದರೆ ಆ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅಂತ ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ.