ತ್ರಿಕೋನ ತಿರುಗಿದರೆ ಸ್ವರ ಬದಲು

ಕೆನಡಾದ ಇನುಕ್ಟಿಟುಟ್ ಭಾಷೆಯ ಲಿಪಿ ನೋಡಿದ್ದೀರಾ? ತಳವಿಲ್ಲದ ತ್ರಿಕೋನದ ತುದಿ ಮೇಲಕ್ಕಿದ್ದರೆ 'ಪಿ', ಬಲಕ್ಕಿದ್ದರೆ 'ಪು', ಎಡಕ್ಕಿದ್ದರೆ 'ಪ'. ಕನ್ನಡದಲ್ಲಾದರೆ ಯೂನಿಕೋಡ್ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) 'ಪ'ಕ್ಕೊಂದು, ಗುಡಿಸಿಗೊಂದು ಸಂಖ್ಯೆ ಕೊಟ್ಟು ಜೋಡಿಸುತ್ತದೆ. ಅಲ್ಲಿ ಜೋಡಣೆಯೇ ಇಲ್ಲ, ಪ್ರತಿ ತಿರುವಿಗೂ ಬೇರೆ ಸಂಖ್ಯೆ.

ಇವೆಲ್ಲ ಯೂನಿಕೋಡ್‌ಗೆ ಬಂದದ್ದು 1999ರಲ್ಲಿ. ಅದಕ್ಕೂ ಮುಂಚೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಈ ಆಕಾರಗಳನ್ನು ಕೂರಿಸಿದ ಫಾಂಟ್‌ಗಳಿದ್ದವು, ಆ ಫಾಂಟ್ ಇಲ್ಲದವರಿಗೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ.

ಅಮೆರಿಕದ ಚೆರೋಕೀ ಲಿಪಿಯ ಕಥೆ ಇನ್ನೂ ಮಜಾ. ಅದೂ 1999ರಲ್ಲೇ ಬಂತು, ಆಗ ಅದರಲ್ಲಿ ಇಂಗ್ಲಿಷಿನ a, b ತರದ ಸಣ್ಣಕ್ಷರ ಇರಲಿಲ್ಲ. 2015ರಲ್ಲಿ ಸೇರಿಸಿದಾಗ, ಹಳೆಯ ಪಠ್ಯಕ್ಕೆ ತೊಂದರೆ ಆಗದಿರಲಿ ಅಂತ, ಪದಗಳನ್ನು ಹೋಲಿಸುವಾಗ ಎಲ್ಲವನ್ನೂ ದೊಡ್ಡಕ್ಷರಕ್ಕೇ ತಿರುಗಿಸುವ ನಿಯಮ ಮಾಡಿದರು. ಸಾಮಾನ್ಯವಾಗಿ ಇದು ಉಲ್ಟಾ, ಸಣ್ಣಕ್ಷರಕ್ಕೆ ತಿರುಗಿಸುವುದು, ಅಲ್ವಾ? ಕೇಸ್‌ಫೋಲ್ಡ್ (ಹೋಲಿಕೆಗಾಗಿ ದೊಡ್ಡ-ಸಣ್ಣ ಅಕ್ಷರದ ಭೇದ ಅಳಿಸುವುದು) ಅಂದರೆ ಸುಮ್ನೆ ಲೋವರ್‌ಕೇಸ್ (ಸಣ್ಣಕ್ಷರ) ಅಂದುಕೊಂಡ ಕೋಡ್ ಇಲ್ಲೇ ಎಡವುವುದು.