ಬಿಳೀದೊಂದು, ಕೆಂಪು ಒಂದು, ಬಿಲ್ ಎರಡು

ನರ್ಸರಿ ಕೌಂಟರಿನವರಿಗೆ ವಾಟ್ಸಾಪ್ ಫೋಟೋ ಅಂದರೆ ತಲೆನೋವು. ದಾರೀಲಿ ಕಾರು ನಿಲ್ಲಿಸಿ ಹೂವನ್ನಷ್ಟೇ ಹತ್ತಿರದಿಂದ ತೆಗೆದಿರುತ್ತಾರೆ. ಆದರೂ ಐದು ನಿಮಿಷದೊಳಗೆ ಹೆಸರು, ರೇಟು ಎರಡೂ ಹೋಗಬೇಕು. ನಮ್ಮ ಯಜಮಾನರ ಕಾನೂನು.

ಮಳೆ ಮುಗಿದ ಸಮಯ. ಹುಬ್ಬಳ್ಳಿಯ ದಂಪತಿ ಗೋಕರ್ಣ ಮುಗಿಸಿ, ದೇವಿಮನೆ ಘಾಟು ಹತ್ತಿ ಶಿರಸಿಗೆ ಬಂದಿದ್ದರು. ಉಳಿದುಕೊಂಡ ಮನೆಯ ಅಂಗಳದಲ್ಲಿ ಕಂಡ ಗಿಡ ಬೇಕಿತ್ತು. ಆಳೆತ್ತರಕ್ಕಿಂತ ಜಾಸ್ತಿ, ಅಂಗೈಯಗಲದ ಹೂವು. ಗಂಡನ ಫೋಟೋದಲ್ಲಿ ಅಚ್ಚ ಬಿಳಿ, ಹೆಂಡತಿಯ ಫೋಟೋದಲ್ಲಿ ಕಡು ಗುಲಾಬಿ. ಕೌಂಟರಿನ ಹುಡುಗ ಡಬಲ್ ದಾಸವಾಳದಲ್ಲಿ ಬಿಳೀದೊಂದು, ಕೆಂಪು ಒಂದು ತೆಗೆದಿಟ್ಟು ಬಿಲ್ಲೂ ಹರಿದಿದ್ದ.

ನಾನು ಫೋನು ಇಸ್ಕೊಂಡು ದೊಡ್ಡದು ಮಾಡಿ ನೋಡಿದೆ. ಎರಡರಲ್ಲೂ ಹಿಂದೆ ಅದೇ ಬಾವಿಕಟ್ಟೆ. ಎಲೆ ಅಗಲ, ಹತ್ತಿ ಎಲೆಯ ಹಾಗೆ ಸೀಳು. ದಾಸವಾಳದ ಹೊಳಪು ಎಲೆ ಅದಲ್ಲ. ಹೈಬಿಸ್ಕಸ್ ಮ್ಯುಟಾಬಿಲಿಸ್. ದಾಸವಾಳದ ಕುಲವೇ, ಮೂಲ ಚೀನಾದ್ದು. ಬೆಳಿಗ್ಗೆ ಬಿಳಿ ಅರಳಿ ಸಂಜೆಗೆ ಕೆಂಪಾಗುತ್ತದೆ.

"ಎರಡೂ ಒಂದೇ ಗಿಡ" ಅಂದೆ. ಯಜಮಾನರು ಮುಖ ಗಂಟಿಕ್ಕಿದರು. ಗಂಡ, "ಚಾಷ್ಟಿ ಮಾಡ್ತೀರೇನ್ರೀ?" ಅಂದರು.

ನಮ್ಮ ಕವರಿನ ಗಿಡಗಳಲ್ಲಿ ಒಂದು ಮೊಗ್ಗೂ ಇರಲಿಲ್ಲ. ಹೊತ್ತು ಏರಿದಂತೆ ಎಸಳಿನಲ್ಲಿ ಆಂಥೋಸಯಾನಿನ್ ಅನ್ನೋ ಕೆಂಪು ಬಣ್ಣ ಕಟ್ಟುತ್ತದೆ, ಥಂಡಿಯಿದ್ದರೆ ನಿಧಾನ ಅಂತ ಪಾಠ ಶುರು ಮಾಡಿದೆ. ಯಾರಿಗೆ ಬೇಕು ಅದು? ಕೊನೆಗೆ ಶೇಡ್ ನೆಟ್ ಹಿಂದಿನ ತಾಯಿಗಿಡದ ಹತ್ತಿರ ಕರೆದೊಯ್ದೆ. ಆಗಲೇ ಹನ್ನೊಂದು ದಾಟಿತ್ತು, ಎಸಳಿನ ಅಂಚು ಗುಲಾಬಿಗೆ ತಿರುಗಿತ್ತು.

"ಇದು ನಂದಲ್ರೀ. ನಂದು ಬಿಳೀದು."

ಯಜಮಾನರು ಸುಮ್ನೆ ನನ್ನನ್ನೇ ನೋಡುತ್ತಿದ್ದರು. ಆಗ ಹೆಂಡತಿ ಟೊಂಗೆ ಬಗ್ಗಿಸಿದರು. ಹೊಸ ಹೂವಿನ ಪಕ್ಕದಲ್ಲೇ ನಿನ್ನೆಯದು, ಹಿಂಡಿದ ಬಟ್ಟೆಯ ಹಾಗೆ ಮುದುಡಿ, ಕಡುಗೆಂಪಾಗಿ ಅಂಟಿಕೊಂಡಿತ್ತು. "ನೋಡ್ರೀ, ನಂದೂ ಇದ್ರಾಗ ಐತಿ!"

ಮೊದಲೇ ಅದನ್ನು ತೋರಿಸಿದ್ದರೆ ಪಾಠ ಉಳಿಯುತ್ತಿತ್ತು. ಅಷ್ಟಕ್ಕೇ ಸುಮ್ಮನಿರಬೇಕಿತ್ತು ಬೇರೆ. ಬಲಿತ ಟೊಂಗೆ ಊರಿದರೂ ಬೇರು ಬಿಡುತ್ತದೆ ಅಂತ ಬಾಯಿಬಿಟ್ಟೆ. ಎರಡು ಬಿಲ್ ಕ್ಯಾನ್ಸಲ್, ಒಂದು ಟೊಂಗೆ ಪುಕ್ಕಟೆ. "ನೀನು ಕಾಲೇಜಲ್ಲಿ ಪಾಠ ಮಾಡೋಕೆ ಹೋಗು ಮಾರಾಯಾ" ಅಂದರು ಯಜಮಾನರು.

ಈಗ ಫೋಟೋ ಬಂದರೆ ಎಲೆ ಕಾಣೋ ಹಾಗೆ ಇನ್ನೊಂದು ಕೇಳುತ್ತೇನೆ. ಎಷ್ಟು ಗಂಟೆಗೆ ತೆಗೆದದ್ದು ಅಂತಲೂ. ಮೊನ್ನೆ ಕಾರವಾರದಿಂದ ಹಳದಿ ಹೂವೊಂದು ಬಂತು. ಕಾಳಿ ನದಿಯಂಚಿನ ಗಿಡ, ಹೃದಯದಾಕಾರದ ಎಲೆ. ಹೈಬಿಸ್ಕಸ್ ಟಿಲಿಯೇಸಿಯಸ್, ಅದೂ ದಾಸವಾಳದ ಕುಲವೇ, ಸಂಜೆಗೆ ಕೆಂಪಾಗಿ ಉದುರೋದು. ನಮ್ಮಲ್ಲಿ ಸ್ಟಾಕ್ ಇಲ್ಲ ಅಂತ ಟೈಪ್ ಮಾಡುತ್ತಿದ್ದೆ.

"ಹಳದಿ ತಾನೇ? ಅಲಮಂಡಾ ಇದೆ ಅನ್ನು" ಅಂದರು ಯಜಮಾನರು.