ಸ್ಪ್ರಿಂಗಿನ ಕೆಳಗಿನ ಸುತ್ತು

ಕಾರವಾರದಲ್ಲಿ ಕಾರು ಇಟ್ಟುಕೊಂಡವರಿಗೆ ತುಕ್ಕು ಹೊಸದಲ್ಲ. ಕೋಡಿಬಾಗದ ನಮ್ಮ ಮನೆಯಿಂದ ಸಮುದ್ರ ಕಾಣುವುದಿಲ್ಲ, ಆದರೆ ಗಾಳಿ ಬಿಡುವುದಿಲ್ಲ. ಗೇಟಿನ ಕೀಲು, ಬಾವಿಯ ರಾಟೆ, ಗ್ಯಾಸ್ ಸಿಲಿಂಡರಿನ ತಳ, ಎಲ್ಲ ಕೆಂಪು. ಹಾಗಾಗಿ ನನ್ನ 2009ರ ವ್ಯಾಗನ್‌ಆರ್‌ನಲ್ಲಿ ಚಕ್ರಗಳ ಹತ್ತಿರ ಕಾರಿನ ಭಾರ ಹೊರುವ ಸ್ಪ್ರಿಂಗುಗಳೂ ಕೆಂಪಾಗಿವೆ ಅಂತ ಗೊತ್ತಿದ್ದರೂ ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡಿಸಿದ್ದು ಶಿರಸಿಯ ಭಾವ. ಮೇ ತಿಂಗಳಲ್ಲಿ ಡಿಸಿ ಆಫೀಸಿನ ಕೆಲಸಕ್ಕೆ ಬಂದವರು ಅಂಗಳದಲ್ಲಿ ನಿಂತು ಚಕ್ರದ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. "ಭಾವ, ಇದನ್ನ ಹಾಕ್ಕೊಂಡು ದೇವಿಮನೆ ಘಟ್ಟ ಹತ್ತೋದಾ? ನಾಲ್ಕೂ ತೆಗೆದು ಬಿಸಾಡಿ ಮಾರಾಯ್ರೆ."

ಅವರ ಕಾರು ನನ್ನದಕ್ಕಿಂತ ಹಳೆಯದು. ಆದರೂ ಅದರ ಸ್ಪ್ರಿಂಗು ಇನ್ನೂ ಕಪ್ಪಗಿವೆ. ಶಿರಸಿಯಲ್ಲೇನು ಮಳೆ ಕಡಿಮೆಯಾ? ಇಲ್ಲ. ವ್ಯತ್ಯಾಸ ಇರುವುದು ಸಮುದ್ರದ ಗಾಳಿ ತರುವ ಉಪ್ಪಿನಲ್ಲಿ. ಗಾಳಿಯ ತೇವ ಶೇಕಡಾ 75 ದಾಟಿತು ಅಂದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಮಳೆಗಾಲ ಪೂರ್ತಿ ತೇವ ಅದಕ್ಕಿಂತ ಜಾಸ್ತಿಯೇ. ಮಳೆ ನಿಂತರೂ ಕಬ್ಬಿಣ ಒಣಗುವುದಿಲ್ಲ, ಅಷ್ಟೇ ವಿಷಯ.

ಮರುದಿನ ಗ್ಯಾರೇಜಿಗೆ ಹೋದೆವು. ಭಾವನೂ ಬಂದರು, ಬಿಡಲಿಲ್ಲ. ಮೆಕ್ಯಾನಿಕ್ ಜಾಕ್ ಹಾಕಿ ಮುಂದಿನ ಎಡ ಚಕ್ರ ಬಿಚ್ಚಿದ. ನಾವಿಬ್ಬರೂ ನಡುವಿನ ಸುತ್ತುಗಳ ಕೆಂಪು ನೋಡುತ್ತಿದ್ದೆವು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕೆಳಗಿನ ಸುತ್ತಿಗೆ, ಅದು ಶಾಕ್ ಅಬ್ಸಾರ್ಬರಿನ ತಟ್ಟೆಯ ಮೇಲೆ ಕೂರುವ ಜಾಗಕ್ಕೆ, ಸ್ಕ್ರೂಡ್ರೈವರ್ ತೂರಿಸಿದ. ಮೊದಲು ಒದ್ದೆ ಮರಳು ಬಂತು. ಆಮೇಲೆ ಕಾವಲಿಗೆ ಅಂಟಿದ ಸೀದ ದೋಸೆ ಎದ್ದ ಹಾಗೆ ತುಕ್ಕಿನ ಹಕ್ಕಳೆ ಎದ್ದು ಬಂತು. ಬಟ್ಟೆಯಲ್ಲಿ ಒರೆಸಿ, "ಸರ್, ಇಲ್ಲಿ ಉಗುರು ಆಡಿಸಿ" ಅಂದ. ಆಡಿಸಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಕುಳಿಗಳು. ಅದೇ ಉಗುರನ್ನು ಮೇಲಿನ ಸುತ್ತಿನ ಮೇಲೆ ಆಡಿಸಿದರೆ ನುಣ್ಣಗೆ ಜಾರಿತು, ಬೆರಳಿಗೆ ಬರೀ ಕೆಂಪು ಪುಡಿ ಮೆತ್ತಿತು.

ಅವನ ಪ್ರಕಾರ ಪುಡಿ ಬಂದರೆ ಬಣ್ಣ ಹೊಡೆದು ಓಡಿಸಬಹುದು. ಕುಳಿ ಬಿದ್ದರೆ ಬದಲಿಸಬೇಕು. ನನಗೂ ಇದು ಸರಿ ಅನ್ನಿಸಿತು. ಸ್ಪ್ರಿಂಗ್ ಅದುಮಿದಾಗ ಅದರ ಕಂಬಿ ಒಳಗೊಳಗೇ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯ ಒತ್ತಡ ಎಲ್ಲಕ್ಕಿಂತ ಹೆಚ್ಚು ಬೀಳುವುದು ಕಂಬಿಯ ಮೈಮೇಲೆ, ತುಕ್ಕು ತಿನ್ನುವುದೂ ಅಲ್ಲೇ. 12 ಮಿಲಿಮೀಟರ್ ದಪ್ಪದ ಕಂಬಿ ಸವೆದು 11 ಆಯಿತು ಅಂದುಕೊಳ್ಳಿ. ಅದೇ ಭಾರಕ್ಕೆ ಆ ಜಾಗದ ಒತ್ತಡ ಸುಮಾರು ಶೇಕಡಾ 30 ಏರುತ್ತದೆ. ಕುಳಿಯಿದ್ದರೆ ಅದರ ತಳದಲ್ಲಿ ಇನ್ನೂ ಜಾಸ್ತಿ, ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಬಲಗಡೆಯದು ಪರವಾಗಿಲ್ಲ, ಹಿಂದಿನವೆರಡೂ ಪರವಾಗಿಲ್ಲ. ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿದರೆ ಎಡ ಮುಂಭಾಗ ಸ್ವಲ್ಪ ತಗ್ಗಿತ್ತು.

ಎಡ ಸ್ಪ್ರಿಂಗ್ ಇನ್ನೂ ಮುರಿದಿರಲಿಲ್ಲ. ಮುರಿಯುವ ತನಕ ಓಡಿಸಿದರೆ ಏನಾಗುತ್ತದೆ ಅಂತ ಕೇಳಿದೆ. ಮುಂದಿನ ಸ್ಪ್ರಿಂಗಿನ ತುದಿ ಟೈರಿನ ಪಕ್ಕದಲ್ಲೇ ಇರುತ್ತದೆ. ಮುರಿದ ತುಂಡು ಜಾರಿದರೆ ಟೈರ್ ಸೀಳಬಹುದು. ಅದೂ ಮಳೆಯಲ್ಲಿ, ನೀರು ತುಂಬಿದ ಹೊಂಡಕ್ಕೆ ಇಳಿದಾಗ, ಘಟ್ಟದ ತಿರುವಿನಲ್ಲಿ. ಮುಂದೆ ಕೇಳಲಿಲ್ಲ.

ಇನ್ನೊಂದು ಲೆಕ್ಕವೂ ನನ್ನ ತಲೆಯಲ್ಲಿತ್ತು. ಕಾರಿಗೆ 15 ವರ್ಷ ತುಂಬಿದಾಗ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿದ್ದೆ. ಅಷ್ಟು ವರ್ಷ ಓಡಿಸುವ ಕಾರಿಗೆ ಮುಂದಿನ ಸ್ಪ್ರಿಂಗಿನ ಖರ್ಚು ದಂಡ ಅಲ್ಲ. ಬರುವ ವರ್ಷ ಮಾರುವ ಯೋಚನೆ ಇದ್ದಿದ್ದರೂ ಎಡಗಡೆಯದನ್ನು ಬಿಡುವಂತಿರಲಿಲ್ಲ ಅನ್ನಿ.

ಭಾವ ಹುಬ್ಬಳ್ಳಿಯ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂದರು. ಬೇರೆಯವರ ಕಾರಿನ ಹಳೇ ತುಕ್ಕನ್ನು ದುಡ್ಡು ಕೊಟ್ಟು ತರುವ ಕೆಲಸ ನನಗೆ ಬೇಡವಾಗಿತ್ತು. ಹೊಸ ಜೋಡಿಯನ್ನೇ ತರಿಸಿದೆ. ಬಲಗಡೆಯದು ಚೆನ್ನಾಗಿದ್ದರೂ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಆಗಿ ಕಾರು ವಾಲುತ್ತದೆ. ಹೇಗೂ ಬಿಚ್ಚುತ್ತಾರಲ್ಲ ಅಂತ ರಬ್ಬರ್ ಸೀಟು, ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಅದುಮಿದಾಗ ಪೆಟ್ಟು ತಡೆಯುವ ತುಂಡು), ಮೇಲಿನ ಮೌಂಟ್ ಕೂಡ ಹೊಸದು ಹಾಕಿಸಿದೆ. ಆಮೇಲೆ ವೀಲ್ ಅಲೈನ್‌ಮೆಂಟ್.

ಮನೆಯಲ್ಲೇ ಬಿಚ್ಚುವ ಹುಮ್ಮಸ್ಸು ಇರುವವರಿಗೆ ಒಂದು ಮಾತು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಸರಿಯಾಗಿ ಕೂರದೆ ಮೇಲಿನ ನಟ್ ತೆಗೆದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ಅನುಭವಸ್ಥ ಮೆಕ್ಯಾನಿಕ್ಕೇ ನಮ್ಮನ್ನು ದೂರ ನಿಲ್ಲಿಸಿ ಆ ಕೆಲಸ ಮಾಡಿದ.

ಹಿಂದಿನವಕ್ಕೆ ವೈರ್ ಬ್ರಷ್ ಉಜ್ಜಿ ಬಣ್ಣ ಹೊಡೆಸಿದ್ದೇನೆ. ದೀಪಾವಳಿ ಹೊತ್ತಿಗೆ ಚಕ್ರ ಬಿಚ್ಚಿ ಮತ್ತೆ ಉಗುರು ಆಡಿಸಿ ನೋಡಬೇಕು. ನಾಲ್ಕನ್ನೂ ಬದಲಿಸಬೇಕಿತ್ತು ಅಂತ ಭಾವ ಫೋನಿನಲ್ಲಿ ಈಗಲೂ ಹೇಳುತ್ತಾರೆ. ದುಡ್ಡು ಅವರದಲ್ಲವಲ್ಲ.